ಲೆಕ್ಕದೊಳಗೊಂದು ಹೋಳಿಗೆ

ಪಥ್ಯ ಹಿಡಿದವರು ಸಿಹಿ ಮುಟ್ಟಬಾರದು ಎಂಬ ಮಾತು ನಮ್ಮಲ್ಲಿ ಬಹುಕಾಲ ಪ್ರಶ್ನೆಯಿಲ್ಲದೆ ನಡೆದುಬಂತು. ಈಚಿನ ವರ್ಷಗಳಲ್ಲಿ ಅದರ ಜಾಗಕ್ಕೆ ಬೇರೊಂದು ಪದ್ಧತಿ ಬಂದು ಕೂತಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ತೂಕ ಇಳಿಸಲು ಹೊರಟ ಅನೇಕರು ಈಗ ಸಿಹಿಯನ್ನು ಬಿಡುವುದಿಲ್ಲ, ಲೆಕ್ಕಕ್ಕೆ ಹಿಡಿಯುತ್ತಾರೆ. ದಿನಕ್ಕೆ ಇಷ್ಟು ಕ್ಯಾಲೊರಿ ಎಂದು ಗೊತ್ತುಮಾಡಿಕೊಂಡು, ತಿಂದದ್ದನ್ನೆಲ್ಲ ಫೋನಿನ ಆ್ಯಪ್‌ನಲ್ಲಿ ಬರೆದಿಟ್ಟು, ಆ ಮಿತಿಯೊಳಗೆ ಒಂದು ಹೋಳಿಗೆಗೋ ಒಂದು ಪೇಡಕ್ಕೋ ಜಾಗ ಮಾಡಿಕೊಳ್ಳುತ್ತಾರೆ. ಮಿತಿ ಮೀರದಿದ್ದರೆ ಆಗೀಗ ತಿನ್ನುವ ಸಿಹಿಯಿಂದ ಕೆಡುಕಿಲ್ಲ ಎಂಬುದು ಈ ಪದ್ಧತಿಯ ತಿರುಳು.

ಇದು ಎಷ್ಟು ಸರಿ, ಎಲ್ಲಿ ದಾರಿ ತಪ್ಪುತ್ತದೆ, ನಮ್ಮ ಅಡುಗೆಮನೆಗೂ ನಮ್ಮ ಹಬ್ಬಗಳಿಗೂ ಎಷ್ಟರಮಟ್ಟಿಗೆ ಹೊಂದುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸಿಹಿಗೆ ಜಾಗ ಕೊಡುವ ತತ್ವ ಸರಿಯಾಗಿದೆ; ಅದನ್ನು ನಾವು ಪಾಲಿಸುತ್ತಿರುವ ರೀತಿ ಸರಿಯಾಗಿಲ್ಲ. ವರ್ಷಕ್ಕೆ ಕೆಲವೇ ಸಲ ತಿನ್ನುವ ಹೋಳಿಗೆಯನ್ನು ಕಟಕಟೆಗೆ ಹತ್ತಿಸುತ್ತೇವೆ. ದಿನಕ್ಕೆ ಮೂರು ಸಲ ಕಾಫಿಯ ಲೋಟದಲ್ಲಿ ಕರಗುವ ಸಕ್ಕರೆಯ ಕಡೆ ನೋಡುವುದೇ ಇಲ್ಲ.

ಲೆಕ್ಕ ಬಂದ ಬಗೆ

ಆಹಾರವನ್ನು ಶಾಖದ ಅಳತೆಯಲ್ಲಿ ಎಣಿಸುವ ಕೆಲಸವನ್ನು ಗಟ್ಟಿ ನೆಲೆಗೆ ತಂದವನು ಅಮೆರಿಕದ ವಿಲ್ಬರ್ ಅಟ್ವಾಟರ್. 19ನೇ ಶತಮಾನದ ಕೊನೆಯ ದಶಕದಲ್ಲಿ, ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ, ಮನುಷ್ಯನೊಬ್ಬ ಒಳಗೇ ಇದ್ದು ಉಂಡು ಮಲಗಬಹುದಾದ ಒಂದು ಮುಚ್ಚಿದ ಕೋಣೆ ಕಟ್ಟಿಸಿ, ಅವನ ದೇಹದಿಂದ ಹೊರಬರುವ ಶಾಖವನ್ನು ಅಳೆದ. ಪಿಷ್ಟ, ಸಕ್ಕರೆ, ಪ್ರೋಟೀನ್ ಒಂದು ಗ್ರಾಮಿಗೆ ಸುಮಾರು 4 ಕ್ಯಾಲೊರಿ, ಕೊಬ್ಬು 9 ಕ್ಯಾಲೊರಿ ಎಂದು ನಾವು ಇಂದಿಗೂ ಬಳಸುವ ಅಂಕಿಗಳು ಆ ಪರಂಪರೆಯವು. ಈ ಲೆಕ್ಕವನ್ನು ಪ್ರಯೋಗಾಲಯದಿಂದ ಮನೆಮನೆಗೆ ತಂದವಳು ಅಲ್ಲಿನ ವೈದ್ಯೆ ಲೂಲು ಹಂಟ್ ಪೀಟರ್ಸ್. ತೂಕ ಇಳಿಸಲು ಕ್ಯಾಲೊರಿ ಎಣಿಸಿ ಎಂದು ಹೇಳುವ ಅವಳ ಪುಸ್ತಕ 1918ರಲ್ಲಿ ಬಂತು.

ನಮ್ಮ ದೇಶದಲ್ಲಿ ಈ ಕೆಲಸ ಶುರುವಾದದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿನ ಪ್ರಯೋಗಾಲಯದ ಆಯ್ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿ ಪ್ರಕಟಿಸಿದರು. ಮುಂದೆ ಆ ಸಂಸ್ಥೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಸಿ. ಗೋಪಾಲನ್ ಮತ್ತು ಸಂಗಡಿಗರು ಆ ಪಟ್ಟಿಯನ್ನು ಬೆಳೆಸಿದರು. 2017ರಲ್ಲಿ ಸಂಸ್ಥೆ ಹೊಸದಾಗಿ ವಿಶ್ಲೇಷಿಸಿದ ಕೋಷ್ಟಕಗಳನ್ನು ಹೊರತಂದಿತು. ಈ ಪಟ್ಟಿಗಳು ಹುಟ್ಟಿದ ಕಾಲದಲ್ಲಿ ದೇಶದ ಚಿಂತೆ ಹಸಿವು. ಜನರ ಹೊಟ್ಟೆಗೆ ಸಾಕಷ್ಟು ಬೀಳುತ್ತಿದೆಯೇ ಎಂದು ತಿಳಿಯಲು ಮಾಡಿದ ಲೆಕ್ಕವನ್ನು ಇಂದು ಹೆಚ್ಚು ಬೀಳುತ್ತಿದೆಯೇ ಎಂದು ತಿಳಿಯಲು ಬಳಸುತ್ತಿದ್ದೇವೆ. ಈ ಬದಲಾವಣೆಗೆ ಕಾರಣ ಕಣ್ಣೆದುರಿಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೀಗಿರುವಾಗ ಸಿಹಿಯ ಲೆಕ್ಕವನ್ನು ಹಗುರವಾಗಿ ಕಾಣುವಂತಿಲ್ಲ.

ಈ ಪದ್ಧತಿಯಿಂದ ಆದ ಉಪಕಾರ

ಮೊದಲನೆಯ ಉಪಕಾರ ಮನಸ್ಸಿಗೆ ಸಂಬಂಧಿಸಿದ್ದು. ಒಂದು ತಿನಿಸನ್ನು ಪೂರ್ತಿ ನಿಷೇಧಿಸಿದರೆ ಏನಾಗುತ್ತದೆ ಎಂಬುದಕ್ಕೆ 1975ರಷ್ಟು ಹಿಂದೆ ಅಮೆರಿಕದಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ನಡೆಸಿದ ಪ್ರಯೋಗ ಒಳ್ಳೆಯ ಸಾಕ್ಷಿ. ಕೆಲವು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟರು. ಪಥ್ಯದ ಚಿಂತೆಯಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡಿದ್ದವರು ಅದಕ್ಕೆ ತಿರುಗಾಮುರುಗಾ ನಡೆದುಕೊಂಡರು. ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನೂ ಹೆಚ್ಚು ತಿಂದರು. ವ್ರತ ಹೇಗೂ ಕೆಟ್ಟಿತು, ಇನ್ನು ಎಷ್ಟು ತಿಂದರೇನು ಎಂಬ ಭಾವ ಅದು. ನಮ್ಮ ಮದುವೆಮನೆಗಳಲ್ಲಿ ಇದು ಅಪರೂಪದ ನೋಟವಲ್ಲ. ಮೂರು ತಿಂಗಳು ಸಿಹಿಯ ಕಡೆ ತಿರುಗಿ ನೋಡದವರು ಒಂದು ಜಿಲೇಬಿ ಬಾಯಿಗಿಟ್ಟೊಡನೆ ನಾಲ್ಕನೆಯದಕ್ಕೂ ಎಲೆ ಒಡ್ಡುತ್ತಾರೆ, ಮರುದಿನದಿಂದ ಪಥ್ಯವನ್ನೇ ಕೈಬಿಡುತ್ತಾರೆ.

ಜರ್ಮನಿಯ ಯೋಆಖಿಮ್ ವೆಸ್ಟೆನ್‌ಹ್ಯೋಫರ್ 1991ರಲ್ಲಿ ಪಥ್ಯ ಮಾಡುವವರನ್ನು ಎರಡು ಬಗೆಯಾಗಿ ವಿಂಗಡಿಸಿ ನೋಡಿದರು: ಕಟ್ಟುನಿಟ್ಟಿನವರು ಮತ್ತು ಸಡಿಲಿಕೆಯಿರುವವರು. ಅದು ಮುಟ್ಟುವಂತಿಲ್ಲ, ಇದು ತಿನ್ನುವಂತಿಲ್ಲ ಎಂದು ಬೇಲಿ ಹಾಕಿಕೊಂಡವರಲ್ಲಿ ಕಟ್ಟು ಮುರಿದು ಮಿತಿಮೀರಿ ತಿನ್ನುವ ಪ್ರವೃತ್ತಿ ಹೆಚ್ಚಾಗಿತ್ತು. ಇಷ್ಟದ ತಿನಿಸನ್ನು ಅಳತೆಯಲ್ಲಿ ತಿಂದು ಮುಂದಿನ ಊಟದಲ್ಲಿ ಸರಿದೂಗಿಸುವವರು ಹೆಚ್ಚು ಸ್ಥಿರವಾಗಿದ್ದರು. ಕ್ಯಾಲೊರಿ ಲೆಕ್ಕದೊಳಗೆ ಸಿಹಿಗೆ ಜಾಗ ಕೊಡುವ ಪದ್ಧತಿ ಈ ಎರಡನೆಯ ದಾರಿಯದು. ಸಿಹಿಗೆ ಅಂಟಿಕೊಂಡಿದ್ದ ಪಾಪದ ಭಾವನೆಯನ್ನು ಅದು ಬಿಡಿಸಿತು. ಇದು ಸಣ್ಣ ಉಪಕಾರವಲ್ಲ.

ಎರಡನೆಯ ಉಪಕಾರ ತಿಳಿವಳಿಕೆಯದು. ತಿನ್ನುವ ತುಂಡಿನೊಳಗೆ ಏನಿದೆ ಎಂದು ಲೆಕ್ಕ ತೋರಿಸಿಕೊಡುತ್ತದೆ. ಬೇಳೆ ಹೋಳಿಗೆಯನ್ನೇ ತೆಗೆದುಕೊಳ್ಳಿ. ಕಣಕಕ್ಕೆ ಮೈದಾ 20 ಗ್ರಾಂ, ಹೂರಣಕ್ಕೆ ಕಡಲೆಬೇಳೆ 20 ಗ್ರಾಂ, ಬೆಲ್ಲ 20 ಗ್ರಾಂ, ತಟ್ಟುವಾಗಿನ ಎಣ್ಣೆ, ಮೇಲೆ ಹಾಕುವ ತುಪ್ಪ ಸೇರಿ 8 ಗ್ರಾಂ ಎಂದಿಟ್ಟುಕೊಂಡರೆ, ಒಂದು ಹೋಳಿಗೆಗೆ ಸುಮಾರು 290 ಕ್ಯಾಲೊರಿ. ಅದರಲ್ಲಿ ಬೆಲ್ಲದ ಪಾಲು 76 ಮಾತ್ರ. ಈಗ ಮೈಸೂರು ಪಾಕ್ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪನವರ ಹೆಸರಿನೊಂದಿಗೆ ಬೆಸೆದುಕೊಂಡ ಈ ತಿಂಡಿಗೆ ಬೇಕಾದದ್ದು ಕಡಲೆಹಿಟ್ಟು, ಸಕ್ಕರೆ, ತುಪ್ಪ, ಮೂರೇ. 40 ಗ್ರಾಮಿನ ಒಂದು ತುಂಡಿನಲ್ಲಿ ಹಿಟ್ಟು 8 ಗ್ರಾಂ, ಸಕ್ಕರೆ 16, ತುಪ್ಪ 16 ಎಂದು ಹಿಡಿದರೆ ಸುಮಾರು 240 ಕ್ಯಾಲೊರಿಯಾಗುತ್ತದೆ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ತುಪ್ಪದ್ದು. ಕೈಯಲ್ಲಿ ಹಿಡಿದರೆ ಮೈಸೂರು ಪಾಕ್ ಹೋಳಿಗೆಗಿಂತ ಬಹಳ ಹಗುರ, ಕ್ಯಾಲೊರಿಯಲ್ಲಿ ಮಾತ್ರ ಅದರ ಹತ್ತಿರ ಬಂದು ನಿಲ್ಲುತ್ತದೆ.

ಈ ಕಣ್ಣಿನಿಂದ ನೋಡಿದಾಗ ನಮ್ಮ ಸಿಹಿಗಳ ನಡುವೆಯೇ ಆಯ್ಕೆ ಮಾಡಲು ಬರುತ್ತದೆ. ಗಣೇಶನ ಹಬ್ಬಕ್ಕೆ ಹಬೆಯಲ್ಲಿ ಬೇಯಿಸಿದ ಕಾಯಿ ಕಡುಬಿಗೂ ಎಣ್ಣೆಯಲ್ಲಿ ಕರಿದ ಕರ್ಜಿಕಾಯಿಗೂ ಒಳಗಿನ ಹೂರಣ ಹೆಚ್ಚುಕಡಿಮೆ ಒಂದೇ, ಕುಡಿದ ಎಣ್ಣೆ ಬೇರೆ. ಧಾರವಾಡ ಪೇಡ 25 ಗ್ರಾಮಿನದಾದರೆ 100 ಕ್ಯಾಲೊರಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ತಿಂದರೆ ತೃಪ್ತಿಯಾಗುವಷ್ಟು ಗಾಢವಾದ ರುಚಿ ಅದಕ್ಕಿದೆ. ಗೋಕಾಕದ ಕರದಂಟಿನಲ್ಲಿ ಒಣಹಣ್ಣು, ಬೀಜಗಳು, ಅಂಟು, ಬೆಲ್ಲ ಸೇರಿ ಕ್ಯಾಲೊರಿ ದಟ್ಟವಾಗಿದ್ದರೂ ಅಗಿದು ತಿನ್ನಬೇಕಾದ್ದರಿಂದ ಸಣ್ಣ ತುಂಡಿಗೇ ಬಾಯಿ ದಣಿಯುತ್ತದೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಒಂದು ಹಿಡಿ, ಅಂದರೆ 30 ಗ್ರಾಂ ತಿಂದರೆ 150 ಕ್ಯಾಲೊರಿ. ಎಳ್ಳು, ಕೊಬ್ಬರಿ, ಕಡಲೆಕಾಯಿ ಎಲ್ಲವೂ ಜಿಡ್ಡಿನವು ಎಂದು ನೆನಪಿಟ್ಟರೆ ಐದು ಮನೆಗಳಿಂದ ಬಂದ ಪೊಟ್ಟಣಗಳನ್ನು ಒಂದೇ ಸಂಜೆ ಖಾಲಿ ಮಾಡುವುದಿಲ್ಲ. ಇಂಥ ವಿವೇಕವನ್ನು ಲೆಕ್ಕವೇ ಕಲಿಸಿದೆ. ಅದಕ್ಕೆ ನಾವು ಋಣಿಗಳು.

ಎಡವುವ ಜಾಗಗಳು

ದೊಡ್ಡ ದೋಷವನ್ನು ಮೊದಲು ನೋಡೋಣ. ನಾವು ಬರೆದಿಡುವುದು ಕಣ್ಣಿಗೆ ಕಾಣುವ ಸಿಹಿಯನ್ನು. ಹೋಳಿಗೆ, ಜಾಮೂನು, ಲಾಡು ಕಾಣುತ್ತವೆ. ಕಾಫಿಯೊಳಗಿನ ಸಕ್ಕರೆ ಕಾಣುವುದಿಲ್ಲ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವವರು ಎಷ್ಟೋ ಜನ. ಚಮಚಕ್ಕೆ 5 ಗ್ರಾಂ ಹಿಡಿದರೆ ದಿನಕ್ಕೆ 30 ಗ್ರಾಂ ಸಕ್ಕರೆ, 120 ಕ್ಯಾಲೊರಿ. ವರ್ಷಕ್ಕೆ ಹೆಚ್ಚುಕಡಿಮೆ 11 ಕಿಲೊ ಸಕ್ಕರೆ, 43,800 ಕ್ಯಾಲೊರಿ. ಮೇಲೆ ಹೇಳಿದ ಹೋಳಿಗೆಯ ಲೆಕ್ಕದಲ್ಲಿ ಇದು 150 ಹೋಳಿಗೆಗೆ ಸಮ. ವರ್ಷಕ್ಕೆ 150 ಹೋಳಿಗೆ ತಿನ್ನುವವರನ್ನು ನಾವು ಯಾರೂ ಕಂಡಿಲ್ಲ. ಹಾಗೆ ತಿಂದರೆ ಮನೆಯವರೆಲ್ಲ ಸೇರಿ ಬುದ್ಧಿ ಹೇಳಿಯಾರು. ಅಷ್ಟೇ ಕ್ಯಾಲೊರಿಯನ್ನು ಸಕ್ಕರೆಯ ರೂಪದಲ್ಲಿ ಕುಡಿದರೆ ಯಾರಿಗೂ ತಿಳಿಯುವುದಿಲ್ಲ, ಕುಡಿದವರಿಗೂ ತಿಳಿಯುವುದಿಲ್ಲ. ಇದಕ್ಕೆ ಕಾಫಿಯ ಜೊತೆಗಿನ ಬಿಸ್ಕತ್ತು, ಊಟದ ಮೇಲಿನ ತಂಪು ಪಾನೀಯ, ಬಾಟಲಿಯ ಹಣ್ಣಿನ ರಸಗಳನ್ನು ಸೇರಿಸಿ ನೋಡಿ. ಸಿಹಿ ಬಿಸ್ಕತ್ತು 100 ಗ್ರಾಮಿಗೆ 450ಕ್ಕೂ ಹೆಚ್ಚು ಕ್ಯಾಲೊರಿ ಕೊಡುವ ಪದಾರ್ಥ. ಅದನ್ನು ನಾವು ಸಿಹಿತಿಂಡಿ ಎಂದು ಎಣಿಸುವುದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆಯಂತೆ, ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನುತುಪ್ಪ, ಪಾಕ, ಹಣ್ಣಿನ ರಸಗಳಿಂದ ಬರುವ ಸಕ್ಕರೆ ಒಟ್ಟು ಕ್ಯಾಲೊರಿಯ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಇರಬೇಕು. ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ತೂಕ ಇಳಿಸಲು ದಿನಕ್ಕೆ 1,500 ಕ್ಯಾಲೊರಿ ಗೊತ್ತುಮಾಡಿಕೊಂಡವರಿಗೆ ಮೊದಲ ಮಿತಿ 37 ಗ್ರಾಂ, ಎರಡನೆಯದು 19 ಗ್ರಾಂ. ಮೂರು ಲೋಟ ಕಾಫಿಯೇ 30 ಗ್ರಾಂ ನುಂಗಿದ ಮೇಲೆ ಹೋಳಿಗೆಯ 20 ಗ್ರಾಂ ಬೆಲ್ಲಕ್ಕೆ ಜಾಗವೆಲ್ಲಿ? ಹೀಗೆ ದಿನನಿತ್ಯದ ಸಕ್ಕರೆ ಹಬ್ಬದ ಸಿಹಿಯ ಪಾಲನ್ನು ಮೊದಲೇ ತಿಂದುಹಾಕಿರುತ್ತದೆ. ಸಾಲದ್ದಕ್ಕೆ, ಹೋಳಿಗೆಯನ್ನೇ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸುತ್ತೇವೆ.

ಎರಡನೆಯ ದೋಷ ಅಂಕಿಯ ಮೇಲಿನ ಅತಿ ನಂಬಿಕೆ. ಆ್ಯಪ್‌ನಲ್ಲಿ ‘ಹೋಳಿಗೆ, ಒಂದು’ ಎಂದು ಬರೆದೊಡನೆ ಒಂದು ಸಂಖ್ಯೆ ಬರುತ್ತದೆ. ಆದರೆ ಯಾರ ಮನೆಯ ಹೋಳಿಗೆ? ಹಳೇ ಮೈಸೂರಿನ ತೆಳ್ಳನೆಯ ಬೇಳೆ ಒಬ್ಬಟ್ಟೋ, ದಪ್ಪ ಕಾಯಿ ಹೋಳಿಗೆಯೋ, ಉತ್ತರ ಕರ್ನಾಟಕದ ಶೇಂಗಾ ಹೋಳಿಗೆಯೋ? ಮೇಲೆ ಬಿದ್ದದ್ದು ಒಂದು ಚಮಚ ತುಪ್ಪವೋ ಒಂದು ಸೌಟೋ? ನಾನು ಕೊಟ್ಟ 290 ಕೂಡ ಒಂದು ಅಳತೆಯ ಹೋಳಿಗೆಗೆ ಮಾತ್ರ ಸಲ್ಲುತ್ತದೆ. ಇದರ ಮೇಲೆ ನಮ್ಮ ನೆನಪಿನ ದೋಷ ಬೇರೆ. 1992ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರ ಆಹಾರವನ್ನು ವೈಜ್ಞಾನಿಕವಾಗಿ ಅಳೆದಾಗ, ಅವರು ತಾವು ತಿಂದದ್ದನ್ನು ಸರಾಸರಿ ನೂರಕ್ಕೆ 47ರಷ್ಟು ಕಡಿಮೆ ಹೇಳುತ್ತಿದ್ದರು ಎಂದು ಗೊತ್ತಾಯಿತು. ಅವರು ಬೇಕೆಂದು ಸುಳ್ಳು ಹೇಳಿದವರಲ್ಲ. ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡ ಹೂರಣ, ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ಲಾಡು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಆದ್ದರಿಂದ 1,487 ಕ್ಯಾಲೊರಿಗೆ ದಿನ ಮುಗಿಯಿತು ಎಂದು ನಿಶ್ಚಿಂತರಾಗುವುದೂ, 1,530 ಆಯಿತು ಎಂದು ಕೊರಗುವುದೂ ಅರ್ಥವಿಲ್ಲದ ಕೆಲಸ. ಕ್ಯಾಲೊರಿ ಲೆಕ್ಕ ಅಂದಾಜು ಕಲಿಸುವ ಸಾಧನ. ಅದರಿಂದ ನಿಖರತೆ ಬೇಡುವುದು ತಪ್ಪು.

ಮೂರನೆಯದು ಇನ್ನೂ ಗಂಭೀರ. ಸಂಖ್ಯೆ ಸರಿಹೋದರೆ ಸಾಕು ಎಂಬ ನಂಬಿಕೆಯಲ್ಲಿ ಕೆಲವರು ರಾತ್ರಿಯ ಊಟ ಬಿಟ್ಟು ಎರಡು ತುಂಡು ಮೈಸೂರು ಪಾಕ್ ತಿನ್ನುತ್ತಾರೆ. ಕ್ಯಾಲೊರಿ ಸರಿದೂಗಬಹುದು. ಬಿಟ್ಟ ಊಟದಲ್ಲಿದ್ದ ಬೇಳೆ, ತರಕಾರಿ, ಮೊಸರು ಎಲ್ಲಿಂದ ಬರಬೇಕು? ಭಾರತೀಯರ ದೇಹಕ್ಕೆ ಇದು ವಿಶೇಷವಾಗಿ ಅಪಾಯದ ದಾರಿ. ಪುಣೆಯ ವೈದ್ಯವಿಜ್ಞಾನಿ ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ ತೋರಿಸಿದರು. ಎತ್ತರ-ತೂಕದ ಸೂಚ್ಯಂಕ ಇಬ್ಬರದೂ 22.3. ಕೊಬ್ಬಿನ ಅಂಶ ಯಾಜ್ಞಿಕರಲ್ಲಿ ನೂರಕ್ಕೆ 21.2, ಯುಡ್ಕಿನ್ನರಲ್ಲಿ 9.1. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ತೂಕದ ಯಂತ್ರ ಇದನ್ನು ಹೇಳುವುದಿಲ್ಲ, ಕ್ಯಾಲೊರಿ ಲೆಕ್ಕವೂ ಹೇಳುವುದಿಲ್ಲ. ಸಿಹಿಗಾಗಿ ಜಾಗ ಮಾಡುವಾಗ ಅನ್ನವನ್ನೋ ಚಪಾತಿಯನ್ನೋ ಕಡಿಮೆ ಮಾಡಬೇಕೇ ಹೊರತು ಬೇಳೆ, ಕಾಳು, ಮೊಟ್ಟೆ, ಮೀನು, ಮಜ್ಜಿಗೆ, ಪಲ್ಯಗಳನ್ನಲ್ಲ. ಬೆಂದ ಅನ್ನ 100 ಗ್ರಾಮಿಗೆ 130 ಕ್ಯಾಲೊರಿ. ಹೋಳಿಗೆ ಉಂಡ ಮಧ್ಯಾಹ್ನ ಒಂದೂವರೆ ಸೌಟು ಅನ್ನ ಕಡಿಮೆಯಾದರೆ ಲೆಕ್ಕದ ದೊಡ್ಡ ಭಾಗ ಅಲ್ಲೇ ತೀರುತ್ತದೆ.

ನಾಲ್ಕು ಹುಸಿ ಸಮಾಧಾನಗಳು

ಸಿಹಿಯನ್ನು ಪಥ್ಯದೊಳಗೆ ತರುವ ಹೆಸರಿನಲ್ಲಿ ನಾಲ್ಕು ನಂಬಿಕೆಗಳು ನಮ್ಮಲ್ಲಿ ಬಲವಾಗಿ ಬೇರೂರಿವೆ. ಒಂದೊಂದನ್ನೂ ಒರೆಗೆ ಹಚ್ಚಬೇಕು.

ಮೊದಲನೆಯದು ಬೆಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದ್ದೇವೆ, ಎಷ್ಟು ತಿಂದರೂ ಆಗುತ್ತದೆ ಎಂದು ಉಪಚಾರ ಮಾಡುವವರು ಬಹಳ. ಮಂಡ್ಯದ ಆಲೆಮನೆಯ ಬೆಲ್ಲಕ್ಕೆ ಸಕ್ಕರೆಗಿಲ್ಲದ ಪರಿಮಳವಿದೆ, ಸ್ವಲ್ಪ ಕಬ್ಬಿಣ ಮತ್ತಿತರ ಖನಿಜಗಳಿವೆ. ಹೋಳಿಗೆಗೆ ಬೆಲ್ಲವೇ ಸರಿ ಎಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಬೆಲ್ಲದ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯಲ್ಲಿರುವ ಪದಾರ್ಥವೇ. 100 ಗ್ರಾಮಿಗೆ ಸಕ್ಕರೆ 400 ಕ್ಯಾಲೊರಿಯಾದರೆ ಬೆಲ್ಲ 380ರ ಸಮೀಪ. ರಕ್ತಕ್ಕೆ ಸೇರಿದ ಮೇಲೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಬೆಲ್ಲವನ್ನು ರುಚಿಗಾಗಿ ಬಳಸಿ, ಔಷಧಿಯೆಂದು ಬಳಸಬೇಡಿ. ಜೇನುತುಪ್ಪಕ್ಕೂ ಇದೇ ಮಾತು.

ಎರಡನೆಯದು ಸಕ್ಕರೆರಹಿತ ಸಿಹಿ. ಅಂಗಡಿಗಳಲ್ಲಿ ಇದಕ್ಕೆಂದೇ ಬೇರೆ ಗಾಜಿನ ಕಪಾಟು ಬಂದಿದೆ. ಮೈಸೂರು ಪಾಕಿನ ಲೆಕ್ಕವನ್ನು ಇಲ್ಲಿಗೆ ತನ್ನಿ. 240 ಕ್ಯಾಲೊರಿಯಲ್ಲಿ ಸಕ್ಕರೆಯ 64ನ್ನು ಪೂರ್ತಿ ತೆಗೆದರೂ 175ರಷ್ಟು ಉಳಿಯುತ್ತದೆ, ಅದೂ ಸಕ್ಕರೆಯ ಜಾಗಕ್ಕೆ ಇನ್ನೇನನ್ನೂ ತುಂಬದಿದ್ದರೆ. ಸಕ್ಕರೆಯಿಲ್ಲ ಎಂಬ ಧೈರ್ಯದಲ್ಲಿ ಎರಡು ತಿಂದರೆ ಮೂಲ ತುಂಡಿಗಿಂತ ಹೆಚ್ಚಾಯಿತು. ತೂಕ ನಿಯಂತ್ರಣಕ್ಕೆಂದು ಕೃತಕ ಸಿಹಿಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಮಧುಮೇಹವಿರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅವರು ತಮ್ಮ ವೈದ್ಯರ ಮಾತು ಕೇಳಬೇಕು. ಉಳಿದವರಿಗೆ ಈ ಕಪಾಟಿನಿಂದ ಆಗುವ ಲಾಭ ಅಲ್ಪ. ನಾಲಗೆಯನ್ನು ಕಡಿಮೆ ಸಿಹಿಗೆ ಒಗ್ಗಿಸುವ ಕೆಲಸವಂತೂ ಅದರಿಂದ ಆಗುವುದೇ ಇಲ್ಲ.

ಮೂರನೆಯದು ನಡೆದು ಕರಗಿಸುತ್ತೇನೆ ಎಂಬುದು. 60 ಕಿಲೊ ತೂಕದವರು ಗಂಟೆಗೆ ಐದು ಕಿಲೊಮೀಟರಿನಂತೆ ನಡೆದರೆ ಒಂದು ಗಂಟೆಗೆ ಖರ್ಚಾಗುವುದು ಸುಮಾರು 210 ಕ್ಯಾಲೊರಿ. ಒಂದು ಹೋಳಿಗೆ ಕರಗಲು ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ನಡಿಗೆ ಹೃದಯಕ್ಕೆ, ಮನಸ್ಸಿಗೆ, ನಿದ್ದೆಗೆ ಒಳ್ಳೆಯದು; ಊಟದ ನಂತರದ ಹದಿನೈದು ನಿಮಿಷದ ನಡಿಗೆ ರಕ್ತದ ಸಕ್ಕರೆಯ ಏರಿಕೆಯನ್ನೂ ತಗ್ಗಿಸುತ್ತದೆ. ಅದನ್ನು ತಿಂದ ತಪ್ಪಿಗೆ ದಂಡವೆಂದು ಮಾಡಿಕೊಂಡರೆ ನಡಿಗೆಯ ಸಂತೋಷವೂ ಹೋಗುತ್ತದೆ, ಹೋಳಿಗೆಯ ಸಂತೋಷವೂ ಹೋಗುತ್ತದೆ.

ನಾಲ್ಕನೆಯದು ವಾರಕ್ಕೊಂದು ದಿನ ಬಾಯಿಗೆ ಪೂರ್ತಿ ಬಿಡುವು ಕೊಡುವ ರೂಢಿ. ಜಿಮ್‌ಗಳ ಮೂಲಕ ಬಂದ ಈ ಪದ್ಧತಿ ನಗರದ ಯುವಕರಲ್ಲಿ ಜೋರಾಗಿದೆ. ಆರು ದಿನ 400 ಕ್ಯಾಲೊರಿಯಂತೆ ಕಡಿಮೆ ಉಂಡು 2,400 ಉಳಿಸಿದವರು ಏಳನೆಯ ದಿನ ಬಿರಿಯಾನಿ, ಐಸ್‌ಕ್ರೀಮ್, ಕೇಕ್ ಎಂದು 2,000 ಹೆಚ್ಚು ತಿಂದರೆ ವಾರದ ಶ್ರಮಕ್ಕೆ ಉಳಿಯುವುದು 400. ಮೇಲಾಗಿ ಇದು ಕಟ್ಟುನಿಟ್ಟು ಮತ್ತು ಕಟ್ಟೊಡೆಯುವಿಕೆಯ ಚಕ್ರವನ್ನೇ ಪಂಚಾಂಗಕ್ಕೆ ಸೇರಿಸಿದಂತೆ. ಆರು ದಿನದ ಉಪವಾಸವನ್ನು ಸಹಿಸಲು ಏಳನೆಯ ದಿನದ ಅತಿಭೋಜನ ಬೇಕೇ ಬೇಕು ಎನ್ನಿಸಿದರೆ, ಆ ಆರು ದಿನಗಳ ಪಥ್ಯವೇ ಸರಿಯಿಲ್ಲ ಎಂದರ್ಥ.

ನಮ್ಮ ರೂಢಿಯನ್ನೂ ಒರೆಗೆ ಹಚ್ಚಿದರೆ

ಸಿಹಿಯ ವಿಷಯದಲ್ಲಿ ಹಿರಿಯರ ಪದ್ಧತಿಯೇ ಶ್ರೇಷ್ಠ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಅದರಲ್ಲಿ ಅರ್ಧ ಸತ್ಯವಿದೆ. ಯುಗಾದಿಗೆ ಹೋಳಿಗೆ, ಗೌರಿ-ಗಣೇಶಕ್ಕೆ ಕಡುಬು, ದೀಪಾವಳಿಗೆ ಕಜ್ಜಾಯ, ಸಂಕ್ರಾಂತಿಗೆ ಎಳ್ಳು ಎಂದು ಸಿಹಿಗೆ ದಿನ ಗೊತ್ತಿತ್ತು, ನಡುವೆ ಬಿಡುವಿತ್ತು. ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಣಕ ನಾದಿ, ಒಂದೊಂದಾಗಿ ತಟ್ಟಿ ಬೇಯಿಸುವ ಶ್ರಮವೇ ಒಂದು ಮಿತಿಯಾಗಿತ್ತು. ಮಾಡಿದ್ದು ಮನೆಯವರಿಗೂ ನೆಂಟರಿಗೂ ನೆರೆಯವರಿಗೂ ಹಂಚಿಹೋಗುತ್ತಿತ್ತು. ಸಿಹಿ ಬಡಿಸುತ್ತಿದ್ದದ್ದು ಊಟದ ಎಲೆಯ ಮೇಲೆ. ಆ ಎಲೆಗೆ ಮೊದಲು ಬರುವುದು ಕೋಸಂಬರಿ, ಪಲ್ಯ. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರ ರಕ್ತದ ಸಕ್ಕರೆ ಕಡಿಮೆ ಏರುತ್ತದೆ ಎಂದು ನ್ಯೂಯಾರ್ಕಿನ ವೈದ್ಯರು ಮಧುಮೇಹಿಗಳ ಮೇಲೆ ನಡೆಸಿದ ಚಿಕ್ಕ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಹೆಸರುಬೇಳೆ ಕೋಸಂಬರಿಯನ್ನು ಸಾಕಷ್ಟು ತಿಂದು ಆಮೇಲೆ ಹೋಳಿಗೆಗೆ ಕೈ ಹಾಕಿದರೆ ನಮ್ಮ ಎಲೆಯೂ ಅದೇ ಕೆಲಸ ಮಾಡೀತು.

ಸಿಹಿಯನ್ನು ಊಟದೊಡನೆಯೇ ತಿನ್ನುವುದು ಲೇಸೆಂದು ಹಲ್ಲಿನ ಆರೋಗ್ಯವೂ ಹೇಳುತ್ತದೆ. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರಿಗೆ ಅಂಟು ಮಿಠಾಯಿ ತಿನ್ನಿಸಿ ಹಲ್ಲು ಹುಳುಕಾಗುವುದನ್ನು ಗಮನಿಸಿದರು. ಮನುಷ್ಯರನ್ನು ಹಾಗೆ ಬಳಸಿಕೊಂಡದ್ದು ಅಕ್ಷಮ್ಯ. ಅದರಿಂದ ತಿಳಿದುಬಂದ ಸಂಗತಿ ಮಾತ್ರ ಇಂದಿಗೂ ನಿಂತಿದೆ: ಊಟದೊಡನೆ ತಿಂದ ಸಿಹಿಗಿಂತ ಊಟಗಳ ನಡುವೆ ಮತ್ತೆಮತ್ತೆ ತಿನ್ನುವ ಸಿಹಿ ಹಲ್ಲಿಗೆ ಹೆಚ್ಚು ಕೆಡುಕು.

ರೂಢಿಯ ಇನ್ನರ್ಧವನ್ನೂ ಹೇಳಬೇಕು. ಆ ಹಬ್ಬದೂಟ ಹೊಲದಲ್ಲಿ ದುಡಿಯುವ, ಬಾವಿಯಿಂದ ನೀರು ಸೇದುವ, ಒರಳಿನಲ್ಲಿ ರುಬ್ಬುವ ದೇಹಗಳಿಗೆ ಹುಟ್ಟಿದ್ದು. ಎಂಟು ಗಂಟೆ ಕುರ್ಚಿಯಲ್ಲಿ ಕೂರುವ ದೇಹಕ್ಕೆ ಆ ಅಳತೆ ಹೊಂದದು. ಹಬ್ಬಗಳ ನಡುವಿನ ಬಿಡುವೂ ಈಗ ಉಳಿದಿಲ್ಲ. ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬ, ಬಡ್ತಿ, ಹೊಸ ಕಾರು, ಮಗುವಿನ ನಾಮಕರಣ ಎಂದು ವಾರಕ್ಕೆರಡು ಸಲ ಡಬ್ಬಿ ಬಿಚ್ಚುತ್ತದೆ. ಬೇಡವೆಂದರೂ ಇನ್ನೊಂದು ಹಾಕುವ ಉಪಚಾರ ಪ್ರೀತಿಯಿಂದಲೇ ಬಂದದ್ದು, ಆದರೂ ಉಣ್ಣುವವರ ಹಸಿವಿಗೆ ಅದು ಕಿವಿಗೊಡುವುದಿಲ್ಲ. ಸಾಕು ಎಂದವರನ್ನು ಗೌರವಿಸುವುದೂ ಅತಿಥಿಸತ್ಕಾರವೇ ಎಂದು ನಾವು ಕಲಿಯಬೇಕಾಗಿದೆ. ಹಾಗಾಗಿ ರೂಢಿಯಿಂದ ದಿನ, ಶ್ರಮ, ಹಂಚಿಕೆ, ಎಲೆ ಇವಿಷ್ಟನ್ನು ಉಳಿಸಿಕೊಂಡು, ಅಳತೆಯನ್ನು ಮಾತ್ರ ಹೊಸ ಲೆಕ್ಕದಿಂದ ತೆಗೆದುಕೊಳ್ಳುವುದು ಸರಿಯಾದ ದಾರಿ.

ಹೊಂದಿಸುವ ಬಗೆ

ಇದನ್ನು ಅಂಕಿಗಳಲ್ಲಿ ಹೇಳುತ್ತೇನೆ. ಲೆಕ್ಕದ ಘಟಕ ದಿನದ ಬದಲು ವಾರವಾಗಬೇಕು. ದಿನಕ್ಕೆ 1,500 ಕ್ಯಾಲೊರಿಯೆಂದರೆ ವಾರಕ್ಕೆ 10,500. ಅದರಲ್ಲಿ ಹತ್ತನೇ ಒಂದು ಪಾಲು, ಅಂದರೆ 1,050 ಕ್ಯಾಲೊರಿಯನ್ನು ನಾಲಗೆಯ ಇಷ್ಟಕ್ಕೆಂದು ತೆಗೆದಿಡಿ. ಮೂರು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕುವವರಿಗೆ ವಾರದಲ್ಲಿ 840 ಅಲ್ಲೇ ಹೋಯಿತು. ಉಳಿದ 210ರಲ್ಲಿ ಒಂದು ಹೋಳಿಗೆಯೂ ಬರುವುದಿಲ್ಲ. ಎರಡು ಲೋಟಕ್ಕೆ, ಒಂದೊಂದೇ ಚಮಚಕ್ಕೆ ಇಳಿಸಿದರೆ ವಾರಕ್ಕೆ 280. ಆಗ 770 ಉಳಿಯುತ್ತದೆ. ಅದರಲ್ಲಿ ಎರಡು ಹೋಳಿಗೆ ತಿಂದು, ಮೇಲೊಂದು ಪೇಡ ತಿಂದರೂ ಮಿತಿ ಮೀರುವುದಿಲ್ಲ. ಹಬ್ಬವಿಲ್ಲದ ವಾರದಲ್ಲಿ ಇಷ್ಟನ್ನೂ ಖರ್ಚು ಮಾಡಲೇಬೇಕೆಂದಿಲ್ಲ. ಒಂದೇ ಊಟದಲ್ಲಿ ಎರಡು ಹೋಳಿಗೆಯ ಬದಲು ಎರಡು ದಿನಕ್ಕೆ ಹಂಚಿಕೊಂಡರೆ ರಕ್ತದ ಸಕ್ಕರೆಗೂ ಒಳ್ಳೆಯದು.

ಕಾಫಿಯ ಸಕ್ಕರೆಯನ್ನು ಒಮ್ಮೆಗೇ ಬಿಡುವುದು ಬೇಡ. ಎರಡು ಚಮಚವನ್ನು ಒಂದೂವರೆಗೆ, ಕೆಲವು ವಾರ ಬಿಟ್ಟು ಒಂದಕ್ಕೆ ಇಳಿಸಿದರೆ ನಾಲಗೆ ಒಗ್ಗಿಕೊಳ್ಳುತ್ತದೆ. ಒಳ್ಳೆಯ ಡಿಕಾಕ್ಷನ್ನಿನ ಪರಿಮಳ ಆಗಲೇ ಪೂರ್ತಿ ತಿಳಿಯುವುದು. ಹಾಗೆ ಒಗ್ಗಿದ ನಾಲಗೆಗೆ ಹೋಳಿಗೆಯೂ ಮೊದಲಿಗಿಂತ ಹೆಚ್ಚು ಸಿಹಿಯಾಗಿ ತೋರುತ್ತದೆ, ಒಂದರಲ್ಲೇ ತೃಪ್ತಿಯಾಗುತ್ತದೆ. ಮನೆಯಲ್ಲಿ ಮಾಡುವವರು ಹೋಳಿಗೆಯನ್ನು ಅಂಗೈಯಗಲಕ್ಕೆ ಚಿಕ್ಕದಾಗಿ ತಟ್ಟಬಹುದು. ಹೂರಣದಲ್ಲಿ ಬೇಳೆ ಹೆಚ್ಚಿಸಿ ಬೆಲ್ಲವನ್ನು ಸ್ವಲ್ಪ ತಗ್ಗಿಸಬಹುದು. ತುಪ್ಪವನ್ನು ಸೌಟಿನ ಬದಲು ಚಮಚದಲ್ಲಿ ಹಾಕಬಹುದು. ಬೇಸಿಗೆಯಲ್ಲಿ ಬಾದಾಮಿ, ರಸಪುರಿ ಮಾವು ಬಂದಾಗ ಅದೇ ಸಿಹಿಯಾಗಲಿ: ಇಡೀ ಹಣ್ಣಿನ ತಿರುಳು 100 ಗ್ರಾಮಿಗೆ 60 ಕ್ಯಾಲೊರಿ ಮಾತ್ರ, ಜೊತೆಗೆ ನಾರು. ಅದನ್ನೇ ಸಕ್ಕರೆ ಹಾಕಿ ಸೀಕರಣೆ ಮಾಡಿದರೆ ಲೆಕ್ಕ ಬದಲಾಗುತ್ತದೆ ಎಂಬುದು ನೆನಪಿರಲಿ.

ಈ ಲೆಕ್ಕ ಎಲ್ಲರಿಗೂ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಬೆಳೆಯುವ ಮಕ್ಕಳ ತಟ್ಟೆಯ ಮೇಲೆ ಕ್ಯಾಲೊರಿ ಎಣಿಸಬಾರದು. ಅವರಿಗೆ ಬಿಸ್ಕತ್ತು, ಪಾನೀಯಗಳ ಬದಲು ಹಣ್ಣು, ಕಡಲೆಕಾಯಿ ಕೊಟ್ಟರೆ ಸಾಕು. ಗರ್ಭಿಣಿಯರು, ಬಾಣಂತಿಯರು ತೂಕ ಇಳಿಸುವ ಲೆಕ್ಕಕ್ಕೆ ಇಳಿಯಬಾರದು. ಊಟದ ಬಗ್ಗೆ ಸದಾ ಭಯ, ತಿಂದ ಮೇಲೆ ತೀವ್ರ ಪಶ್ಚಾತ್ತಾಪ, ಗುಟ್ಟಾಗಿ ತಿನ್ನುವುದು, ವಾಂತಿ ಮಾಡಿಕೊಳ್ಳುವುದು ಇಂಥ ಲಕ್ಷಣಗಳಿರುವವರಿಗೆ ಸಂಖ್ಯೆಗಳು ಕಾಯಿಲೆಯನ್ನು ಹೆಚ್ಚಿಸುತ್ತವೆ. ಅವರು ಆ್ಯಪ್ ಬದಿಗಿಟ್ಟು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಸಿಹಿಗೆ ಜಾಗ ಮಾಡಲು ಊಟ ಬಿಟ್ಟರೆ ಅಪಾಯ. ಅವರ ಹೋಳಿಗೆಯ ಅಳತೆಯನ್ನು ಗೊತ್ತುಮಾಡಬೇಕಾದವರು ವೈದ್ಯರು, ಆಹಾರತಜ್ಞರು.

ಸಿಹಿತಿಂಡಿಯ ಅಂಗಡಿಯವರ ಮೇಲೂ ಒಂದು ಹೊಣೆಯಿದೆ. ಬಿಡಿಯಾಗಿ ಮಾರುವ ಸಿಹಿಗಳ ಮುಂದೆ ಎಂದಿನವರೆಗೆ ಬಳಸಬಹುದು ಎಂದು ಬರೆಯಬೇಕೆಂಬ ನಿಯಮ 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅದರ ಪಕ್ಕದಲ್ಲೇ ಒಂದು ತುಂಡಿನ ತೂಕ ಮತ್ತು ಕ್ಯಾಲೊರಿಯನ್ನೂ ಬರೆದರೆ ಕೊಳ್ಳುವವರಿಗೆ ದೊಡ್ಡ ಸಹಾಯ. 20 ಗ್ರಾಮಿನ ಚಿಕ್ಕ ತುಂಡುಗಳನ್ನು ಮಾರಲು ಏನೂ ತೊಡಕಿಲ್ಲ. ರುಚಿ ನೋಡಬೇಕೆಂಬ ಆಸೆಯಿರುವವರೆಲ್ಲ ಕಾಲು ಕಿಲೊ ಕೊಳ್ಳಬೇಕಾಗಿ ಬರುವುದು ತಪ್ಪಲಿ.

ಒಟ್ಟಿನಲ್ಲಿ, ಆಗೊಮ್ಮೆ ಈಗೊಮ್ಮೆಯ ಸಿಹಿಯನ್ನು ಕ್ಯಾಲೊರಿ ಲೆಕ್ಕದೊಳಗೆ ಸೇರಿಸಿಕೊಳ್ಳುವ ಪದ್ಧತಿ ಸಿಹಿಯನ್ನು ಪೂರ್ತಿ ಬಿಡುವ ಪಥ್ಯಕ್ಕಿಂತ ಮೇಲು. ಅದು ಹೆಚ್ಚು ಕಾಲ ಬಾಳುತ್ತದೆ, ಮನುಷ್ಯನ ಸ್ವಭಾವಕ್ಕೆ ಹತ್ತಿರವಾಗಿದೆ. ಅದರ ದೋಷಗಳೂ ತಿದ್ದಬಹುದಾದವೇ: ದಿನದ ಬದಲು ವಾರವನ್ನು ನೋಡುವುದು, ಸಂಖ್ಯೆಯನ್ನು ಅಂದಾಜೆಂದು ತಿಳಿಯುವುದು, ಊಟದ ಸತ್ವವನ್ನು ಸಿಹಿಗಾಗಿ ಬಲಿ ಕೊಡದಿರುವುದು, ಎಲ್ಲಕ್ಕಿಂತ ಮೊದಲು ದಿನನಿತ್ಯದ ಸಕ್ಕರೆಯನ್ನು ಲೆಕ್ಕಕ್ಕೆ ತರುವುದು. ಪಥ್ಯ ಶುರುಮಾಡುವವರಲ್ಲಿ ನನ್ನ ವಿನಂತಿ ಇಷ್ಟೆ: ಹಬ್ಬದ ಹೋಳಿಗೆಯನ್ನು ಬಿಡುವ ಮೊದಲು ಕಾಫಿಯ ಒಂದು ಚಮಚ ಸಕ್ಕರೆಯನ್ನು, ಸಂಜೆಯ ಬಿಸ್ಕತ್ತನ್ನು, ಬಾಟಲಿಯ ಪಾನೀಯವನ್ನು ಬಿಟ್ಟು ನೋಡಿ. ಅದರಿಂದ ಉಳಿಯುವ ಕ್ಯಾಲೊರಿಯಲ್ಲಿ ಹಬ್ಬದ ದಿನ ಮನೆಯವರೊಡನೆ ಕೂತು, ನಿಧಾನವಾಗಿ, ಸಂಕೋಚವಿಲ್ಲದೆ ಒಂದು ಹೋಳಿಗೆ ತಿನ್ನಿ.